ಉಜ್ಜಬೇಡ ಅಂದರು

ಹೋದ ಶನಿವಾರ ಬೇಸ್‌ಮೆಂಟ್‌ನಲ್ಲಿ ಬಟ್ಟೆ ಒಗೆಯಲು ಹಾಕಿ ತಲೆ ಎತ್ತಿದೆ. ತಾಮ್ರದ ನೀರಿನ ಪೈಪಿಗೆ ಬೆಸುಗೆಯ ಹತ್ತಿರ ದಪ್ಪಗೆ ಹಸಿರು ಕಿಲುಬು ಕಟ್ಟಿತ್ತು. ನ್ಯೂಜೆರ್ಸಿಯ ಈ ಮನೆ 1950ರ ದಶಕದ್ದು. ಪೈಪೂ ಅಷ್ಟೇ ಹಳೆಯದು. ಕಾಲು ತಾನಾಗಿ ಅಡುಗೆಮನೆಗೆ ಹೋಯಿತು. ಹುಣಸೆಹಣ್ಣು, ಉಪ್ಪು ಕಲಸಿಕೊಂಡೆ.

ಏಣಿ ಕೇಳಲು ಪಕ್ಕದ ಮನೆಗೆ ಹೋದೆ. ಅಲ್ಲಿನ ಅಜ್ಜ ನಲವತ್ತು ವರ್ಷ ಪ್ಲಂಬರ್ ಆಗಿದ್ದವರು. ಏಣಿ ಹೊತ್ತು ತಾವೇ ಬಂದರು. ನನ್ನ ಕೈಯ ಬಟ್ಟಲು ನೋಡಿ, "ಉಜ್ಜಬೇಡ. ಮೊದಲು ಒದ್ದೆ ಇದೆಯಾ ನೋಡು" ಅಂದರು. ಟಿಶ್ಯೂ ಒತ್ತಿ ಹಿಡಿದರು. ಒಣಗಿತ್ತು. ಬೆಸುಗೆಗೆ ಹಚ್ಚಿದ ಪೇಸ್ಟ್ ಒರೆಸದೆ ಬಿಟ್ಟಿದ್ದರೂ ಹೀಗೆ ಹಸಿರಾಗುತ್ತದಂತೆ. ಸೂಜಿಮೊನೆಯಷ್ಟು ತೂತಿದ್ದರೂ ಆಗುತ್ತದಂತೆ. ಆಗ ಆ ಕಿಲುಬೇ ತೂತಿಗೆ ಬಿರಡೆ. ಉಜ್ಜಿದರೆ ನೀರು ಚಿಮ್ಮಬಹುದು.

"ಲಿಬರ್ಟಿ ಪ್ರತಿಮೆಯನ್ನು ಯಾರಾದರೂ ಉಜ್ಜುತ್ತಾರಾ?" ಅಂತಲೂ ಕೇಳಿದರು. 1886ರಲ್ಲಿ ನಿಲ್ಲಿಸಿದಾಗ ಅದು ತಾಮ್ರದ ಬಣ್ಣದ್ದೇ. 1920ರ ಹೊತ್ತಿಗೆ ಪೂರ್ತಿ ಹಸಿರಾಯಿತು. ಅದರ ತಗಡು ಎರಡೂವರೆ ಮಿಲಿಮೀಟರ್ ಕೂಡ ಇಲ್ಲ. ಮೇಲಿನ ಆ ಹಸಿರೇ ಒಳಗಿನ ತಾಮ್ರವನ್ನು ಕಾಯುತ್ತಿದೆ.

ಅಜ್ಜನ ಮಾತು ತಲೆಯಿಂದ ಹೋಗಲಿಲ್ಲ. ನಮ್ಮ ಮನೆಯಲ್ಲಿ ಕಿಲುಬು ಅಂದರೆ ಮರ್ಯಾದೆಯ ಪ್ರಶ್ನೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಅಮ್ಮ ಬಚ್ಚಲಿನ ತಾಮ್ರದ ಹಂಡೆಯನ್ನು ಮಧ್ಯಾಹ್ನದಿಂದ ತಿಕ್ಕುತ್ತಿದ್ದಳು. ತಳದ ಮಸಿ ಪೂರ್ತಿ ಹೋಗುತ್ತಿರಲಿಲ್ಲ. ಕಂಠ ಮಾತ್ರ ಕೆಂಪಗೆ ಹೊಳೆಯುತ್ತಿತ್ತು. ಸಂಜೆ ಅದಕ್ಕೆ ಅರಿಶಿನ, ಕುಂಕುಮ. ಮರುದಿನ ನಸುಕಿನಲ್ಲಿ ಎಣ್ಣೆ ಸ್ನಾನ. ಆ ನೀರಿನ ಹೊಗೆ ವಾಸನೆ ಈಗಲೂ ಮೂಗಿನಲ್ಲಿದೆ.

ಸೋಲಾರ್ ಬಂದ ವರ್ಷ ಹಂಡೆಯನ್ನು ತೂಕಕ್ಕೆ ಹಾಕಿದೆವು. ಸುಮ್ನೆ ಜಾಗ ತಿನ್ನುತ್ತೆ, ಮಾರಿಬಿಡೋಣ ಅಂದವಳು ನಾನೇ. ಅಮ್ಮ ಏನೂ ಹೇಳಲಿಲ್ಲ. ಗುಜರಿಯವನು ಬರುವ ಮೊದಲು ಹಂಡೆಯನ್ನು ಇನ್ನೊಂದು ಸಲ ತಿಕ್ಕಿ, ಅಂಗಳದಲ್ಲಿ ಬೋರಲು ಹಾಕಿದ್ದಳು. ಈಗ ಊರಲ್ಲಿ ಅದೇ ತಾಮ್ರದ ಬಾಟಲಿಗೆ ದುಡ್ಡು ಕೊಟ್ಟು ನೀರು ಕುಡಿಯುತ್ತೇವೆ ಅಲ್ವಾ? ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಿನ್ನೆ ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಪೈಪ್ ತೋರಿಸಿದೆ. "ಅಯ್ಯೋ, ಹಾಗೇ ಬಿಟ್ಟಿದ್ದೀಯಲ್ಲೇ! ಒಂಚೂರು ಹುಣಸೆಹಣ್ಣು ಹಾಕಿ ತಿಕ್ಕೇ" ಅಂದಳು.

"ತಿಕ್ಕಬಾರದಂತೆ ಅಮ್ಮ" ಅಂದೆ.

ದಿನಾ ಬೆಳಿಗ್ಗೆ ಕೆಳಗಿಳಿದು ಟಿಶ್ಯೂ ಒತ್ತಿ ನೋಡುತ್ತೇನೆ. ಇವತ್ತೂ ಒಣಗಿತ್ತು.