ಛೇದಗಳನ್ನು ಗುಣಿಸುವ ಮೊದಲು ಸ್ವಲ್ಪ ನೋಡಿ

ನಾನು ಗಣಿತ ಪಾಠ ಮಾಡುತ್ತೇನೆ. ಭಿನ್ನರಾಶಿ ಕೂಡುವ ಲೆಕ್ಕ ಕೊಟ್ಟರೆ 1/2 + 1/3 = 2/5 ಅನ್ನೋ ಉತ್ತರ ಯಾರದ್ದಾದರೂ ಪುಸ್ತಕದಲ್ಲಿ ಬಂದೇ ಬರುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟಿರುತ್ತಾರೆ. ಆಗ ನಿಯಮ ಒಪ್ಪಿಸೋದು ದಂಡ. "2/5 ಅರ್ಧಕ್ಕಿಂತ ಕಡಿಮೆ ಅಲ್ವಾ? ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಕಡಿಮೆ ಆಗಿದ್ದು ಹೇಗೆ?" ಅಂತ ಕೇಳಿ ಸುಮ್ಮನಿದ್ದರೆ, ಹೆಚ್ಚಿನವರು ತಾವೇ ಗೀಟು ಹಾಕಿ ಮತ್ತೆ ಶುರು ಮಾಡುತ್ತಾರೆ.

ನನಗೆ ಜಾಸ್ತಿ ಹೊತ್ತು ಹಿಡಿಯೋದು ಛೇದ ಸಮ ಮಾಡಬೇಕು ಅಂತ ಗೊತ್ತಿರುವ ಮಕ್ಕಳ ಜೊತೆ. ಅವರು ಛೇದ ಕಂಡ ತಕ್ಷಣ ಗುಣಿಸುತ್ತಾರೆ. 5/12 + 7/18 ಕೊಡಿ, 12 × 18 = 216 ಅಂತಾರೆ. ತಪ್ಪೇನಿಲ್ಲ. ಆದರೆ 90/216 + 84/216 = 174/216 ಅಂತ ಬರೆದು, 2ರಿಂದ ಭಾಗಿಸಿ, 3ರಿಂದ ಭಾಗಿಸಿ, 29/36 ಮುಟ್ಟುವಷ್ಟರಲ್ಲಿ ಎಲ್ಲೋ ಒಂದು ಕಡೆ ಕೈ ತಪ್ಪಿರುತ್ತದೆ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡೂ ಛೇದಗಳಿಂದ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 36 ಹಿಡಿದರೆ 15/36 + 14/36, ಅಷ್ಟೇ.

ಲ.ಸಾ.ಅ. ತೆಗೆಯೋಕೆ ನಾನು ಹೇಳಿಕೊಡುವ ದಾರಿ ಇದು. ಎರಡು ಛೇದಗಳನ್ನೇ ಒಂದು ಭಿನ್ನರಾಶಿ ಮಾಡಿ: 12/18. ಸಂಕ್ಷೇಪಿಸಿದರೆ 2/3. ಈಗ ಅಡ್ಡಡ್ಡ ಗುಣಿಸಿ: 12 × 3, 18 × 2, ಎರಡೂ 36. ಅಂಶಗಳನ್ನು ಯಾವುದರಿಂದ ಗುಣಿಸಬೇಕು ಅನ್ನೋದೂ ಅಲ್ಲೇ ಸಿಕ್ಕಿತು, 5 × 3 ಮತ್ತು 7 × 2.

ಲ.ಸಾ.ಅ. ಬಳಸಿದರೆ ಕೊನೆಯಲ್ಲಿ ಸಂಕ್ಷೇಪಿಸೋದು ಇರಲ್ಲ ಅಂತ ಕೆಲವರು ಹೇಳುತ್ತಾರೆ, ಅದು ನಿಜ ಅಲ್ಲ. 1/6 + 1/10 ಮಾಡಿ ನೋಡಿ, 5/30 + 3/30 = 8/30, ಅಂದರೆ 4/15. ಆದರೆ ಕಂಡ ಕಂಡ ಸಂಖ್ಯೆಯಿಂದೆಲ್ಲ ಭಾಗಿಸಿ ನೋಡಬೇಕಾಗಿಲ್ಲ. ಕೊಟ್ಟ ಭಿನ್ನರಾಶಿಗಳು ಮೊದಲೇ ಸಂಕ್ಷಿಪ್ತ ರೂಪದಲ್ಲಿದ್ದರೆ, ಎರಡೂ ಛೇದಗಳನ್ನು ಭಾಗಿಸುವ ಸಂಖ್ಯೆಗಳನ್ನು ಮಾತ್ರ ನೋಡಿದರೆ ಸಾಕು. 6 ಮತ್ತು 10ಕ್ಕೆ ಅಂಥದ್ದು 2 ಒಂದೇ. 3/8 + 2/9 ಥರದ ಲೆಕ್ಕದಲ್ಲಿ 8ಕ್ಕೂ 9ಕ್ಕೂ 1 ಬಿಟ್ಟರೆ ಸಾಮಾನ್ಯವಾದದ್ದು ಏನೂ ಇಲ್ಲ, ಹಾಗಾಗಿ ಅಲ್ಲಿ ಸೀದಾ ಗುಣಿಸೋದೇ ಸರಿ, 43/72 ಬಂದ ಮೇಲೆ ಪೆನ್ನು ಕೆಳಗಿಡಬಹುದು.

ಕಳೆಯುವಾಗ ತೊಂದರೆ ಬೇರೆ. ಐದೂ ಕಾಲರಲ್ಲಿ 2 ಪೂರ್ಣ 2/3 ಕಳೆಯಬೇಕು ಅಂದುಕೊಳ್ಳಿ. ಛೇದ 12 ಮಾಡುವವರೆಗೆ ಎಲ್ಲರೂ ಸರಿಯಾಗೇ ಬರುತ್ತಾರೆ: 5 ಪೂರ್ಣ 3/12, 2 ಪೂರ್ಣ 8/12. ಮೂರರಲ್ಲಿ ಎಂಟು ಹೋಗಲ್ಲ, ಐದರಿಂದ ಒಂದು ಕಡ ತಗೋಬೇಕು. ಇಲ್ಲಿ ಹಳೆ ಅಭ್ಯಾಸ ಎದ್ದು ಬರುತ್ತದೆ. 3 ಸುಮ್ನೆ 13 ಆಗಿಬಿಡುತ್ತದೆ, ಉತ್ತರ 2 ಪೂರ್ಣ 5/12! ಕಡ ತಂದ ಒಂದನ್ನು ಪಕ್ಕದಲ್ಲಿ 12/12 ಅಂತ ಬಿಡಿಸಿ ಬರೆಸುತ್ತೇನೆ. ಒಂದು ಸಾಲು ಜಾಸ್ತಿ ಅಂತ ಗೊಣಗುತ್ತಾರೆ, ಗೊಣಗಲಿ. 3/12ಕ್ಕೆ 12/12 ಸೇರಿ 15/12, ಅದರಲ್ಲಿ 8/12 ಹೋದರೆ 7/12, ಉತ್ತರ 2 ಪೂರ್ಣ 7/12.