ಬೆಲೆ ಬಿದ್ದ ವಾರದ ಸ್ತೋತ್ರ

ಕೋಲಾರದ ಮಂಡಿಯಲ್ಲಿ ಟೊಮೆಟೊ ಬೆಲೆ ಬಿದ್ದಿದೆ. ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲ. ಆದರೂ ಭಾನುವಾರ ಆರಾಧನೆಯಲ್ಲಿ ಪಕ್ಕದೂರಿನ ಅಕ್ಕ ಎದ್ದು ನಿಂತು ದೇವರಿಗೆ ಸ್ತೋತ್ರ ಹೇಳಿದರು. ಸಾಲದ ವಿಷಯವನ್ನೂ ಹೇಳಿದರು, ಕಣ್ಣೀರು ಒರೆಸಿಕೊಳ್ಳುತ್ತಲೇ.

ನನಗೆ ಬೈಬಲಿನ ಹಬಕ್ಕೂಕ 3:17-18 ನೆನಪಾಯಿತು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಹೊಲ ಬೆಳೆಯದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ದೇವರಲ್ಲಿ ಆನಂದಪಡುತ್ತೇನೆ ಅನ್ನುತ್ತಾನೆ ಆ ಪ್ರವಾದಿ. ನಷ್ಟವನ್ನು ಮುಚ್ಚಿಡುವುದಿಲ್ಲ, ಒಂದೊಂದಾಗಿ ಹೇಳುತ್ತಾನೆ. ಅದಕ್ಕೇ ಅವನ ಮಾತು ನನಗೆ ಜಾಸ್ತಿ ಹತ್ತಿರ. ಫಿಲಿಪ್ಪಿಯ ಸೆರೆಮನೆಯಲ್ಲಿ ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನೂ ಸೀಲನೂ ದೇವರನ್ನು ಹಾಡಿದ್ದು ಕಾಲಿಗೆ ಕೋಳವಿದ್ದಾಗಲೇ ಅಲ್ವಾ? ಬಾಗಿಲು ತೆರೆದದ್ದು ಆಮೇಲೆ.

ಕಷ್ಟದಲ್ಲಿರುವವರಿಗೆ ಸುಮ್ನೆ ‘ಸ್ತೋತ್ರ ಮಾಡಿ’ ಅಂತ ಹೇಳಿ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಶನಿವಾರ ಸಭೆಯ ಕೆಲವರು ಅಕ್ಕನ ತೋಟಕ್ಕೆ ಹಣ್ಣು ಬಿಡಿಸಲು ಹೋಗುತ್ತಿದ್ದೇವೆ. ಬರುವವರು ಬನ್ನಿ.