ಅಟ್ಲಾಂಟಿಕ್ ದಾಟಿದ ಜೋಳದ ರೊಟ್ಟಿ

ಟ್ಯಾಂಕರ್ ಬಂದಾಗ ಕೊಡ ಹಿಡಿದು ಓಡುತ್ತ ಬೆಳೆದವನು ನಾನು, ವಿಜಯಪುರ ಜಿಲ್ಲೆಯವನು. ಸಮುದ್ರ ಕಂಡಿದ್ದೇ ಕಾಲೇಜು ಸೇರಿದ ಮೇಲೆ, ಗೋವಾದಲ್ಲಿ. ಅಂಥವನು ನವೆಂಬರ್ ಕೊನೆಗೆ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ 40 ಅಡಿಯ ಹಾಯಿದೋಣಿಯಲ್ಲಿ ಹೋದೆ. ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್, 21 ದಿನ, ನಾಲ್ಕು ಮಂದಿ. ಊರಲ್ಲಿ ಎಲ್ಲರೂ ಅಲೆಯ ಬಗ್ಗೆಯೇ ಕೇಳುತ್ತಾರೆ. ವಾಂತಿ ಮೂರು ದಿನಕ್ಕೆ ನಿಂತಿತು, ಅಲೆಯೂ ರೂಢಿಯಾಯಿತು. ಕೊನೆಯವರೆಗೂ ಕಾಡಿದ್ದು ನೀರು, ಊಟ, ನಿದ್ದೆ.

ಅಟ್ಲಾಂಟಿಕ್‌ನಲ್ಲಿ ಹರಿಕೇನ್ (ಅಲ್ಲಿನ ಚಂಡಮಾರುತ) ಕಾಲ ನವೆಂಬರ್ 30ಕ್ಕೆ ಮುಗಿಯುತ್ತದೆ, ಅದಕ್ಕೇ ಆ ಹೊತ್ತಿಗೆ ಹೊರಡುವುದು. ಆಮೇಲೆ ಈಶಾನ್ಯದ ವಾಣಿಜ್ಯ ಮಾರುತ ಬೆನ್ನಿಗೆ ಬೀಸುತ್ತದೆ. ಬೆನ್ನ ಗಾಳಿ ಅಂದರೆ ಸುಖ ಅಂದುಕೊಂಡಿದ್ದೆ. ದೋಣಿ ಹಗಲೂ ರಾತ್ರಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತದೆ, ಒಳಗಿನ ನಾವು ಮೊರದಾಗಿನ ಜೋಳ. ಚಹಾ ಹಿಡಿದು ಎರಡೂ ಕೈ ಬಿಟ್ಟು ನಿಂತಿದ್ದಕ್ಕೆ ನನ್ನ ಪಕ್ಕೆಲುಬು ಒಂದು ವಾರ ನೋಯಿತು. ಒಂದು ಕೈ ಯಾವಾಗಲೂ ದೋಣಿಗೇ ಇರಲಿ.

ಕಾಗದಪತ್ರ: ಕ್ಯಾನರಿ ಸ್ಪೇನಿಗೆ ಸೇರಿದ್ದು, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಬೇಕು. ವಾಪಸ್ ಟಿಕೆಟ್ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಬರುತ್ತದೆ, ನೀವು ದೋಣಿಯ ಸಿಬ್ಬಂದಿ ಎಂಬ ಪತ್ರವನ್ನು ಕ್ಯಾಪ್ಟನ್ನಿಂದ ತರಿಸಿಕೊಳ್ಳಿ. ಲೈಫ್‌ರಾಫ್ಟ್ (ದೋಣಿ ಮುಳುಗಿದರೆ ಹತ್ತುವ ಗಾಳಿ ತುಂಬುವ ತೆಪ್ಪ) ಕೊನೆಯ ಬಾರಿ ತಪಾಸಣೆಯಾಗಿದ್ದು ಯಾವಾಗ ಎಂದು ಅವನನ್ನೇ ಕೇಳಿ. ಈ ಪ್ರಶ್ನೆಗೆ ಮುಖ ಗಂಟಿಕ್ಕುವವನ ದೋಣಿ ಹತ್ತಬೇಡಿ.

ಇನ್ನು ಊಟ. ಅವ್ವ ಬಡಿದುಕೊಟ್ಟ ಅರವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಯ್ದಿದ್ದೆ. ಉಳಿದವರು ನಕ್ಕರು. ಆರನೇ ದಿನ ಅವರ ಬ್ರೆಡ್ಡಿಗೆ ಬೂಷ್ಟು ಹಿಡಿಯಿತು, ಏಳನೇ ದಿನದಿಂದ ನನ್ನ ರೊಟ್ಟಿಯ ಲೆಕ್ಕ ಶುರುವಾಯಿತು. ಒಲೆ ಹಚ್ಚಲಾಗದಷ್ಟು ಸಮುದ್ರ ಎದ್ದ ದಿನ ಇದರಷ್ಟು ಉಪಕಾರದ ವಸ್ತು ಇನ್ನೊಂದಿಲ್ಲ. ಆದರೆ ಉಪ್ಪುಗಾಳಿ ತಾಗಿದರೆ ಮೆತ್ತಗಾಗಿ ಕೆಡುತ್ತದೆ, ಹತ್ತತ್ತರಂತೆ ಗಾಳಿಯಾಡದ ಡಬ್ಬಿಗೆ ಹಾಕಿ. ತುಪ್ಪ, ಕುಂದಾ ಮನೆಯಲ್ಲೇ ಇರಲಿ. ಹೊರದೇಶದಿಂದ ಹಾಲಿನ ಪದಾರ್ಥ ಒಯ್ಯಲು ಐರೋಪ್ಯ ಒಕ್ಕೂಟ ಬಿಡುವುದಿಲ್ಲ. ಮುಚ್ಚಳ ಬಿಗಿದ ಕುಕ್ಕರಿನಲ್ಲಿ ಮಾಡಿದ ಬೇಳೆ-ಅನ್ನ ದೋಣಿ ಎಷ್ಟೇ ಹೊರಳಿದರೂ ಚೆಲ್ಲಲಿಲ್ಲ. ಉಳ್ಳಾಗಡ್ಡಿ, ಆಲೂಗಡ್ಡೆ, ಎಲೆಕೋಸು ಮೂರು ವಾರ ಬಂದವು. ರಟ್ಟಿನ ಡಬ್ಬಿ ಮಾತ್ರ ದೋಣಿಯೊಳಗೆ ತರಬೇಡಿ, ಅದರ ಸಂದಿಯಲ್ಲಿ ಜಿರಳೆಯ ಮೊಟ್ಟೆ ಇರುತ್ತದೆ.

ಸಿಹಿನೀರು ಕುಡಿಯಲು, ಅಡುಗೆಗೆ ಮಾತ್ರ. ಪಾತ್ರೆಯನ್ನು ಸಮುದ್ರದ ನೀರಲ್ಲಿ ತೊಳೆದು ಕೊನೆಗೆ ಒಂದು ಲೋಟ ಸಿಹಿನೀರು. ಸ್ನಾನವೂ ಹಾಗೆಯೇ, ಬಕೆಟ್ಟಿನಲ್ಲಿ ಸಮುದ್ರ ಸುರಿದುಕೊಂಡು ಮೇಲೊಂದು ಚೊಂಬು. ಜೊತೆಯವರಿಗೆ ಇದು ಶಿಕ್ಷೆ, ನನಗೆ ಏಪ್ರಿಲ್ ತಿಂಗಳ ನಮ್ಮ ಮನೆ.

ರಾತ್ರಿ ಪಾಳಿ ಮೂರು ತಾಸು. ನನ್ನದು ಹನ್ನೆರಡರಿಂದ ಮೂರು. ಮೆಟ್ಟಿಲು ಹತ್ತುವ ಮೊದಲೇ ಹಾರ್ನೆಸ್ (ನಮ್ಮನ್ನು ದೋಣಿಗೆ ಕಟ್ಟಿಡುವ ಪಟ್ಟಿ) ಸಿಕ್ಕಿಸಬೇಕು, ಹತ್ತು ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ದಿಗಂತ ನೋಡಬೇಕು, ದಿಕ್ಸೂಚಿ ನೋಡಬೇಕು. ಚುಕ್ಕಿಗಳು ಏಕಾಏಕಿ ಒಂದು ಕಡೆ ಮರೆಯಾದರೆ ಮಳೆಗಾಳಿ ಬರುತ್ತಿದೆ ಎಂದರ್ಥ, ಹಾಯಿ ಕಿರಿದು ಮಾಡಲು ಇನ್ನೊಬ್ಬರನ್ನು ಎಬ್ಬಿಸಿ. ಸಂಕೋಚ ಬೇಡ, ನಾನು ಒಮ್ಮೆ ಸಂಕೋಚಪಟ್ಟು ಎಲ್ಲರಿಂದ ಬೈಸಿಕೊಂಡೆ. ಬೆಳಗ್ಗೆ ಡೆಕ್ಕಿನ ಮೇಲೆ ಹಾರುಮೀನು ಬಿದ್ದಿರುತ್ತಿದ್ದವು, ಒಂದು ರಾತ್ರಿ ನನ್ನ ಕೆನ್ನೆಗೇ ಬಡಿಯಿತು. ಮಲಗಲು ಮಧ್ಯದ ಹಾಸಿಗೆ ಕೇಳಿ ಪಡೆಯಿರಿ, ಹೊರಳಾಟ ಅಲ್ಲಿ ಕಡಿಮೆ.

ದಾರಿಯಲ್ಲಿ ಗಡಿಯಾರವನ್ನು ಒಟ್ಟು ನಾಲ್ಕು ತಾಸು ಹಿಂದಿಡುತ್ತ ಬಂದೆವು. ಬಂದರು ಸೇರಿದಾಗ ಒಳಬರಲು ಅನುಮತಿ ಕೇಳುವ ಹಳದಿ ಬಾವುಟ ಏರಿಸಿ, ಕ್ಯಾಪ್ಟನ್ ಕಾಗದ ಮುಗಿಸಿ ಬರುವವರೆಗೆ ಉಳಿದವರು ದೋಣಿಯಲ್ಲೇ ಕಾಯಬೇಕು. ಗಾಳಿ ಕೈಕೊಟ್ಟರೆ 21 ದಿನ 26 ಆಗುತ್ತದೆ, ಹಿಂದಿರುಗುವ ವಿಮಾನಕ್ಕೆ ತಾರೀಖು ಬದಲಿಸಬಹುದಾದ ಟಿಕೆಟ್ಟನ್ನೇ ತೆಗೆಸಿ. ನೆಲಕ್ಕಿಳಿದ ಎರಡು ದಿನ ಕಾಲು ನಿಲ್ಲಲಿಲ್ಲ ನನಗೆ. ಹೋಟೆಲ್ಲಿನ ಗೋಡೆ ಹಿಡಿದೇ ಓಡಾಡಿದೆ.